‘ಅಡ್ಜಸ್ಟ್’ ಎಂಬ ಕ್ರಿಯಾಪದ

ತುಮಕೂರಿಗೂ ಗುಬ್ಬಿಗೂ ನಡುವಣ ದೂರ ಸುಮಾರು 20 ಕಿಲೋಮೀಟರು. ಅಷ್ಟು ದಾರಿಯಲ್ಲಿ ಇಂಗ್ಲಿಷಿನ ಒಂದು ಕ್ರಿಯಾಪದ ಎಷ್ಟು ಸಲ ಕಿವಿಗೆ ಬೀಳುತ್ತದೆಂದು ಬಸ್ಸಿನಲ್ಲಿ ಕುಳಿತವರು ಎಣಿಸಹೊರಟರೆ ಕೈಬೆರಳುಗಳು ಸಾಲಲಾರವು. ಮೂವರು ಕೂರುವ ಸೀಟಿನ ಪಕ್ಕಕ್ಕೆ ನಾಲ್ಕನೆಯವರೊಬ್ಬರು ಬಂದು ನಿಲ್ಲುತ್ತಾರೆ. ಕೈಯಲ್ಲೊಂದು ಚೀಲ, ಕಂಕುಳಲ್ಲೊಂದು ಮಗು. “ಒಂಚೂರು ಅಡ್ಜಸ್ಟ್ ಮಾಡ್ಕಳಿ ತಾಯಿ” ಎನ್ನುತ್ತಾರೆ. ಕುಳಿತ ಮೂವರೂ ಮರುಮಾತಿಲ್ಲದೆ ಅಷ್ಟಷ್ಟು ಸರಿಯುತ್ತಾರೆ. ನಾಲ್ಕನೆಯವರು ಸೀಟಿನ ತುದಿಯಲ್ಲಿ ಅರ್ಧ ಕುಳಿತು ಅರ್ಧ ನಿಂತು ಗುಬ್ಬಿ ತಲಪುತ್ತಾರೆ. ಕೇಳಿದಾಕೆ ಇಂಗ್ಲಿಷಿನ ಒಂದಕ್ಷರವನ್ನೂ ಕಲಿತವಳಲ್ಲದಿರಬಹುದು. ಸರಿದವರಲ್ಲೊಬ್ಬರು ಕಾಲೇಜಿನಲ್ಲಿ ಇಂಗ್ಲಿಷನ್ನೇ ಬೋಧಿಸುವವರಾಗಿರಬಹುದು. ಆ ಮಾತು ಇಬ್ಬರಿಗೂ ಸಮಾನವಾಗಿ ತಿಳಿಯುತ್ತದೆ. ಸಿದ್ಧಗಂಗೆಯ ಶಿವರಾತ್ರಿ ಜಾತ್ರೆಯ ದಿನಗಳಲ್ಲಂತೂ ಈ ಮಾತಿಲ್ಲದೆ ಬಸ್ಸು ಹೊರಡುವುದೇ ಕಷ್ಟ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತ ಮೇಲೆ ಇದರ ಬಳಕೆ ಇನ್ನಷ್ಟು ಹೆಚ್ಚಿದೆಯೆಂದರೆ ಯಾರೂ ಅಲ್ಲಗಳೆಯಲಾರರು.

ಇದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿ, ಲಂಡನ್ನಿನ ಬಸ್ಸೊಂದರಲ್ಲಿ ಕುಳಿತ ದೊರೆಯೊಬ್ಬನಿಗೆ ‘ಪ್ಲೀಸ್ ಅಡ್ಜಸ್ಟ್’ ಎಂದು ಹೇಳಿದೆವೆನ್ನಿ. ಆತ ಮೊದಲು ತನ್ನ ಕುತ್ತಿಗೆಯ ಟೈ ಮುಟ್ಟಿ ನೋಡಿಕೊಂಡಾನು, ಆಮೇಲೆ ಕನ್ನಡಕ, ಆಮೇಲೆ ಟೋಪಿ. ಏನನ್ನು ಅಡ್ಜಸ್ಟ್ ಮಾಡಬೇಕೆಂದು ಆತನಿಗೆ ತಿಳಿಯದು. ಏಕೆಂದರೆ ಅವನ ಭಾಷೆಯಲ್ಲಿ ಈ ಕ್ರಿಯಾಪದ ಒಂಟಿಯಾಗಿ ನಿಂತು ಅಪ್ಪಣೆ ಕೊಡುವುದು ಅಪೂರ್ವ; ಸಾಮಾನ್ಯವಾಗಿ ಅದಕ್ಕೊಂದು ಕರ್ಮಪದ ಬೇಕು. ಜಾಗ ಬೇಕಾದಾಗ ಅವರು ‘ಮೂವ್ ಅಪ್’ ಎನ್ನುತ್ತಾರೆ, ಎಂದರೆ ಸರಿದುಕೊಳ್ಳಿ. ನಮ್ಮ ಮಕ್ಕಳು ಪರಊರಿಗೆ, ಪರದೇಶಕ್ಕೆ ಹೋದಾಗ ಇಲ್ಲಿನ ಸಲಿಗೆಯ ಮೇಲೆ ಈ ಮಾತನ್ನು ಆಡಿ, ಎದುರಿನವರ ಮುಖ ನೋಡಿ ತಬ್ಬಿಬ್ಬಾಗುವುದುಂಟು. ಶಬ್ದವೇನೋ ಇಂಗ್ಲಿಷಿನದು, ಅದರ ವ್ಯಾಕರಣ ಮಾತ್ರ ನಮ್ಮದು. ಈ ವ್ಯಾಕರಣ ಹೇಗೆ ಬಂತು, ಅದರಿಂದ ನಾವು ಪಡೆದದ್ದೇನು, ಅದರ ಮರೆಯಲ್ಲಿ ಮುಚ್ಚಿಟ್ಟದ್ದೇನು ಎಂಬುದನ್ನು ಇಲ್ಲಿ ಕೊಂಚ ನೋಡೋಣ.

ಮೊದಲು ಇಂಗ್ಲಿಷಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ತುಮಕೂರಿನವರು ದೂರ ಹೋಗಬೇಕಾದ್ದಿಲ್ಲ. ಎಚ್.ಎಂ.ಟಿ. ಗಡಿಯಾರಗಳ ಕಾರ್ಖಾನೆಯೊಂದು ಈ ಊರಿನಲ್ಲಿಯೇ ಇತ್ತು. ಆ ಗಡಿಯಾರಗಳ ಸಂಸ್ಥೆಯನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರಲ್ಲಿ ಕೈಗೊಂಡಿತು. ಆದರೂ ಅಲ್ಲಿ ತಯಾರಾದ ಕೀಲಿ ಕೊಡುವ ಕೈಗಡಿಯಾರಗಳು ಎಷ್ಟೋ ಮನೆಗಳ ಬೀರುಗಳಲ್ಲಿವೆ. ಅಂಥ ಗಡಿಯಾರದ ಹಿಂಬದಿಯ ಮುಚ್ಚಳವನ್ನು ರಿಪೇರಿಯವನು ತೆಗೆದಾಗ ನೋಡಿ. ಕೂದಲಿನಷ್ಟು ಸಣ್ಣ ಸುರುಳಿಯೊಂದು ಸದಾ ಬಿಗಿಯುತ್ತ ಸಡಿಲುತ್ತ ಇರುತ್ತದೆ. ಅದರ ಪಕ್ಕದಲ್ಲಿ ಪುಟ್ಟ ಮುಳ್ಳೊಂದಿರುತ್ತದೆ. ಆ ಮುಳ್ಳನ್ನು ಒಂದು ಕಡೆಗೆ ತುಸು ಸರಿಸಿದರೆ ಸುರುಳಿಯಲ್ಲಿ ಕೆಲಸ ಮಾಡುವ ಭಾಗದ ಉದ್ದ ಕಡಮೆಯಾಗಿ ಗಡಿಯಾರ ವೇಗವಾಗಿ ನಡೆಯುತ್ತದೆ. ಇನ್ನೊಂದು ಕಡೆಗೆ ಸರಿಸಿದರೆ ನಿಧಾನವಾಗುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಅಡ್ಜಸ್ಟ್ ಮಾಡುವುದೆಂದು ಹೆಸರು. ಗಡಿಯಾರದ ಉದ್ಯಮದಲ್ಲಿ ಇದು ಬಲು ಗೌರವದ ಪದ. ಮಲಗಿಸಿದರೂ ನಿಲ್ಲಿಸಿದರೂ ತಲೆಕೆಳಗು ಮಾಡಿದರೂ ಒಂದೇ ಸಮನೆ ನಡೆಯುವಂತೆ ಪರೀಕ್ಷಿಸಿ ಸರಿಮಾಡಿದ ಯಂತ್ರದ ಮೇಲೆ ಅಷ್ಟು ಭಂಗಿಗಳಿಗೆ ಅಡ್ಜಸ್ಟ್ ಆಗಿದೆಯೆಂದು ಅಕ್ಷರ ಕೊರೆಯುವ ವಾಡಿಕೆ ಪಾಶ್ಚಾತ್ಯ ದೇಶಗಳ ಗಡಿಯಾರಗಳಲ್ಲಿ ಬಹುಕಾಲದಿಂದ ಇದೆ.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಒಂದು, ಬದಲಾವಣೆ ಅತ್ಯಲ್ಪ. ಗಡಿಯಾರವನ್ನು ಒಡೆದು ಹೊಸದಾಗಿ ಕಟ್ಟುವುದಲ್ಲ. ಎರಡನೆಯದು ಇದಕ್ಕಿಂತ ಮುಖ್ಯ. ಗಡಿಯಾರ ಕಾಲಕ್ಕೆ ಹೊಂದಿಕೊಳ್ಳುತ್ತದೆಯೇ ಹೊರತು ಕಾಲ ಗಡಿಯಾರಕ್ಕೆ ಹೊಂದಿಕೊಳ್ಳುವುದಿಲ್ಲ. ಒಂದು ವಸ್ತು ಅಲುಗದೆ ನಿಂತಿದೆ. ಇನ್ನೊಂದು ಅದಕ್ಕಾಗಿ ಅಲುಗುತ್ತದೆ. ರೇಡಿಯೋವನ್ನೇ ತೆಗೆದುಕೊಳ್ಳಿ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್. ಹಳೆಯ ವಾಲ್ವ್ ರೇಡಿಯೋದ ತಿರುಗಣೆಯನ್ನು ಹಿಡಿದು ನಾವು ಮುಳ್ಳನ್ನು ಅತ್ತಿತ್ತ ಸರಿಸಿ, ಗೊರಗೊರ ಸದ್ದಿನ ನಡುವೆ ದನಿ ತಿಳಿಯಾಗುವ ಜಾಗವನ್ನು ಹುಡುಕುತ್ತಿದ್ದೆವು. ನಿಲಯ ತಾನಿದ್ದಲ್ಲೇ ಇರುತ್ತಿತ್ತು, ಮುಳ್ಳಿನದೇ ಓಡಾಟ. ಇಂಗ್ಲಿಷಿನವರು ಈ ಸಂಬಂಧವನ್ನು ‘ಟು’ ಎಂಬ ಸಣ್ಣ ಪದದಿಂದ ಸೂಚಿಸುತ್ತಾರೆ. ಅದನ್ನು ಇದಕ್ಕೆ ‘ಟು’ ಅಡ್ಜಸ್ಟ್ ಮಾಡು ಎಂದಾಗ, ‘ಟು’ ಯಾವುದರ ಹಿಂದೆ ನಿಂತಿದೆಯೋ ಅದು ಸ್ಥಿರ. ನಮ್ಮಲ್ಲಿ ಆ ಕೆಲಸ ಚತುರ್ಥಿಯದು. ಕಾಲಕ್ಕೆ, ನಿಲಯಕ್ಕೆ, ಕಾಲಿನ ಅಳತೆಗೆ. ಕುಣಿಗಲಿನ ಕುದುರೆ ಫಾರಂ ಬಹು ಹಳೆಯದು, ಹೆಸರಾದದ್ದು; ಸವಾರಿಗೆ ಮುನ್ನ ಜೀನಿನ ಪಟ್ಟಿಯ ಉದ್ದವನ್ನು ಸವಾರನ ಕಾಲಿಗೆ ತಕ್ಕಂತೆ ಏರಿಸಿ ಇಳಿಸುತ್ತಾರೆಂಬುದು ಕುದುರೆ ಬಲ್ಲವರಿಗೆ ತಿಳಿದ ವಿಷಯ. ಕಾಲನ್ನು ಯಾರೂ ಪಟ್ಟಿಗೆ ತಕ್ಕಂತೆ ಕತ್ತರಿಸುವುದಿಲ್ಲ. ‘ಗೆ’ ಎಂಬುದನ್ನು ಪಡೆದವನು ಅಲುಗದವನು. ಈ ಸಣ್ಣ ಸೂತ್ರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಮನೆಯೊಳಕ್ಕೂ ಬರುತ್ತದೆ.

ಶಬ್ದದ ಹುಟ್ಟು ಕುತೂಹಲಕರವಾಗಿದೆ. ಇಂಗ್ಲಿಷಿಗೆ ಇದು ಬಂದದ್ದು ಫ್ರೆಂಚಿನಿಂದ. ಅದರ ಹಿಂದೆ ಲ್ಯಾಟಿನ್ನಿನ ‘ಯುಕ್ಸ್ತಾ’ ಎಂಬ ಪದವಿದೆ; ಹತ್ತಿರ, ಪಕ್ಕದಲ್ಲಿ ಎಂದು ಅದರ ಅರ್ಥ. ಅಂದರೆ ಮೊದಲಿಗೆ ಈ ಕ್ರಿಯಾಪದಕ್ಕೆ ಹತ್ತಿರ ತರು, ಕೂಡಿಸು ಎಂದಷ್ಟೆ ಅರ್ಥವಿತ್ತು. ‘ಯುಕ್ಸ್ತಾ’ ಎಂಬುದು ಸಂಸ್ಕೃತದ ‘ಯುಜ್’ ಧಾತುವಿಗೆ ದೂರದ ನೆಂಟ. ಯೋಗ, ಸಂಯೋಗ, ಯುಗ್ಮ ಎಂಬ ನಮಗೆ ಪರಿಚಯವಾದ ಶಬ್ದಗಳೆಲ್ಲ ಆ ಧಾತುವಿನ ಮಕ್ಕಳು. ಎತ್ತನ್ನು ನೊಗಕ್ಕೆ ಕಟ್ಟುವುದು ಎಂಬುದು ಅದರ ಹಳೆಯ ಅರ್ಥಗಳಲ್ಲೊಂದು. ಆದರೆ ಕಾಲಕ್ರಮದಲ್ಲಿ ಜನ ಈ ಶಬ್ದದೊಳಗೆ ‘ಜಸ್ಟ್’ ಎಂಬುದನ್ನು ಕೇಳತೊಡಗಿದರು. ‘ಜಸ್ಟ್’ ಎಂದರೆ ನ್ಯಾಯವಾದ, ಸರಿಯಾದ. ಅದರ ಮೂಲ ಬೇರೆ, ಲ್ಯಾಟಿನ್ನಿನ ‘ಯೂಸ್ತುಸ್’. ದನಿಯ ಹೋಲಿಕೆಯಿಂದ ಎರಡೂ ಬೆರೆತುಹೋಗಿ, ಹತ್ತಿರ ತರು ಎಂಬ ಅರ್ಥದ ಮಾತು ಸರಿಮಾಡು ಎಂಬ ಅರ್ಥಕ್ಕೆ ಹೊರಳಿತು. ಹೀಗೆ ಒಂದೇ ಶಬ್ದದ ಹೊಟ್ಟೆಯಲ್ಲಿ ಹತ್ತಿರವೂ ನ್ಯಾಯವೂ ಸೇರಿಕೊಂಡಿವೆ.

ಇದನ್ನು ಓದಿದ ಕನ್ನಡಿಗನಿಗೆ ಥಟ್ಟನೆ ಒಂದು ನೆನಪಾಗಬೇಕು. ನಮ್ಮ ‘ಸರಿ’ಯೂ ಹೀಗೆಯೇ ಅಲ್ಲವೆ? ‘ಸರಿ’ ಎಂದರೆ ತಕ್ಕದ್ದು, ಸಮ. ‘ಸರಿ’ ಎಂದರೆ ಜರುಗು, ಪಕ್ಕಕ್ಕೆ ಹೋಗು. ಮೊದಲನೆಯದು ನಾಮಪದ, ಎರಡನೆಯದು ಧಾತು. ಇವೆರಡೂ ಬೇರೆ ಬೇರೆ ಮಾತುಗಳೆಂದೇ ನಾವು ಎಣಿಸುತ್ತೇವೆ, ರೂಪ ಮಾತ್ರ ಒಂದು. ಆದರೂ ‘ಸರಿದು ಕೂತರೆ ಸರಿಹೋಗುತ್ತದೆ’ ಎಂದು ಒಂದೇ ಉಸಿರಿನಲ್ಲಿ ಹೇಳುವಾಗ ಎರಡೂ ಒಂದನ್ನೊಂದು ಮುಟ್ಟಿಕೊಂಡೇ ನಿಲ್ಲುತ್ತವೆ. ಇಂಗ್ಲಿಷಿನ ‘ಅಡ್ಜಸ್ಟ್’ ನಮ್ಮ ಬಸ್ಸನ್ನು ಹತ್ತಿದಾಗ ‘ಸರಿ’ಯ ಸೀಟಿನಲ್ಲಿಯೇ ಬಂದು ಕೂತಿತೆಂದು ತಮಾಷೆಯಾಗಿ ಹೇಳಬಹುದು. ಹಿಂದೆ ಹಳ್ಳಿಯ ಕಡೆಯವರು “ವಸಿ ಜರುಗವ್ವ”, “ಒಸಿ ಸರ್ಕಳಿ ಸ್ವಾಮಿ” ಎನ್ನುತ್ತಿದ್ದರು; ಈಗಲೂ ಎನ್ನುವವರಿದ್ದಾರೆ. ಹಾಗಾದರೆ ಈ ಹೊಸ ಮಾತು ಏಕೆ ಬೇಕಾಯಿತು? ಜರುಗು ಎಂಬುದರಲ್ಲಿ ಅಪ್ಪಣೆಯ ಗಡಸು ಇದೆ. ಏನು ಮಾಡಬೇಕೆಂಬುದನ್ನು ಬಿಡಿಸಿ ಹೇಳಿಬಿಡುತ್ತದೆ. ‘ಅಡ್ಜಸ್ಟ್’ ಏನನ್ನೂ ಬಿಡಿಸಿ ಹೇಳುವುದಿಲ್ಲ. ನಿಮ್ಮ ಚೀಲ ತೆಗೆಯಿರಿ ಎನ್ನುವುದಿಲ್ಲ, ನಿಮ್ಮ ಮೊಣಕೈ ಮಡಚಿ ಎನ್ನುವುದಿಲ್ಲ. ಏನು ಮಾಡಬೇಕೆಂಬುದನ್ನು ಎದುರಿನವರ ಔದಾರ್ಯಕ್ಕೇ ಬಿಡುತ್ತದೆ. ಅಪರಿಚಿತರ ನಡುವೆ ಇಂಥ ಮಾತಿಗೆ ಬಹಳ ಬೆಲೆಯುಂಟು. ಬೆಂಗಳೂರಿನವರು ಇದನ್ನು ತಮ್ಮ ಊರಿನ ಮಂತ್ರವೆಂದು ಹೇಳಿಕೊಳ್ಳುತ್ತಾರೆ. ಇರಲಿ, ತುಮಕೂರು ಅದರಲ್ಲಿ ತನ್ನ ಪಾಲನ್ನು ಕೇಳುವ ಅಗತ್ಯವಿಲ್ಲ.

ಇನ್ನು ಈ ಕ್ರಿಯಾಪದ ಕನ್ನಡದೊಳಕ್ಕೆ ಬಂದ ದಾರಿ. ಪರಭಾಷೆಯ ಶಬ್ದವನ್ನು ಕ್ರಿಯೆಯನ್ನಾಗಿ ಮಾಡಿಕೊಳ್ಳಲು ನಮ್ಮಲ್ಲಿ ‘ಇಸು’ ಎಂಬ ಪ್ರತ್ಯಯ ಬಹು ಹಿಂದಿನಿಂದ ಇದೆ. ಸಂಸ್ಕೃತದಿಂದ ಸ್ಮರಿಸು, ಯೋಚಿಸು, ಸ್ವೀಕರಿಸು ಎಂಬುವು ಹೀಗೆ ಬಂದುವು. ಹಿಂದುಸ್ತಾನಿಯ ಕಡೆಯಿಂದ ಬದಲಾಯಿಸು, ರವಾನಿಸು, ಜಮಾಯಿಸು, ನಿಭಾಯಿಸು ಎಂಬುವು ಬಂದುವು. ಇಂಗ್ಲಿಷಿನ ಶಬ್ದಗಳು ಬರುವ ವೇಳೆಗೆ ಈ ಬಾಗಿಲು ಮುಕ್ಕಾಲು ಮುಚ್ಚಿದಂತಿದೆ. ಪತ್ರಿಕೆಗಳವರು ಚಿತ್ರ ‘ಕ್ಲಿಕ್ಕಿಸಿದರು’ ಎಂದು ಬರೆಯುವುದುಂಟು; ಅಂಥವು ಬೆರಳೆಣಿಕೆಯಷ್ಟು. ‘ಅಡ್ಜಸ್ಟಿಸಿದನು’ ಎಂದು ಯಾರಾದರೂ ಅಂದರೆ ಕೇಳಿದವರು ನಗುತ್ತಾರೆ. ಇಂಗ್ಲಿಷಿನ ಕ್ರಿಯಾಪದ ಇಲ್ಲಿ ಕಾಲಿಟ್ಟೊಡನೆ ತನ್ನ ಕ್ರಿಯಾಶಕ್ತಿಯನ್ನು ಹೊಸಿಲ ಹೊರಗೇ ಬಿಟ್ಟು ನಾಮಪದದಂತೆ ನಿಲ್ಲುತ್ತದೆ. ಕೆಲಸವನ್ನೆಲ್ಲ ನಮ್ಮ ‘ಮಾಡು’ ಮತ್ತು ‘ಆಗು’ ನಡೆಸಿಕೊಡುತ್ತವೆ. ಟ್ಯೂನ್ ಮಾಡು, ಪಾಸಾಗು, ಅಡ್ಜಸ್ಟ್ ಮಾಡು, ಅಡ್ಜಸ್ಟ್ ಆಗು. ಇದನ್ನು ಕನ್ನಡದ ಬಡತನವೆಂದು ದೂರುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಬಂದ ಅತಿಥಿಗೆ ಜಗಲಿಯ ಮೇಲೆ ಚಾಪೆ ಹಾಸಿ, ಒಳಮನೆಯ ಒಡೆತನವನ್ನು ತಾನೇ ಇಟ್ಟುಕೊಂಡ ಗೃಹಸ್ಥನ ಜಾಣ್ಮೆ ಇದು.

ಈ ಜಾಣ್ಮೆಯ ಫಲವನ್ನು ನೋಡಿ. ಇಂಗ್ಲಿಷಿನವನಿಗೆ ಇರುವುದು ಒಂದು ರೂಪ. ನಮಗೆ ನಾಲ್ಕಾದರೂ ಉಂಟು. ‘ಅಡ್ಜಸ್ಟ್ ಮಾಡಿ’ ಎಂದರೆ ನಮಗಾಗಿ ಮಾಡಿ ಎಂಬ ಪ್ರಾರ್ಥನೆ. ‘ಅಡ್ಜಸ್ಟ್ ಮಾಡಿಕೊಳ್ಳಿ’ ಎಂದಾಗ ‘ಕೊಳ್ಳು’ ಸೇರಿ ಕ್ರಿಯೆ ಮಾಡುವವನ ಕಡೆಗೇ ತಿರುಗುತ್ತದೆ: ನಿಮ್ಮೊಳಗೇ ಏನಾದರೂ ಮಾಡಿಕೊಳ್ಳಿ, ಕಷ್ಟವನ್ನು ನೀವೇ ನುಂಗಿಕೊಳ್ಳಿ. ಬಸ್ಸಿನಲ್ಲಿ ಎರಡೂ ಒಂದೇ ಬೆಲೆಗೆ ಸಲ್ಲುತ್ತವೆ; ಆದರೆ ಬಾಡಿಗೆಯ ಮನೆಯವರು ಸೋರುವ ಸೂರಿನ ವಿಷಯವಾಗಿ ಯಜಮಾನರ ಬಳಿ ಹೋದಾಗ ಅವರು ‘ಮಾಡಿಕೊಳ್ಳಿ’ ಎಂದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ‘ಅಡ್ಜಸ್ಟ್ ಆಗು’ ಎಂಬುದರಲ್ಲಿ ಮಾಡುವವನೇ ಮಾಯವಾಗುತ್ತಾನೆ. ಹವೆ ಒಗ್ಗಿದಂತೆ, ನೀರು ಒಗ್ಗಿದಂತೆ ತಾನಾಗಿ ಆಗತಕ್ಕದ್ದೆಂಬ ಭಾವನೆ. ‘ಅಡ್ಜಸ್ಟ್ ಮಾಡಿಸು’ ಎಂದರೆ ಮೂರನೆಯವರ ವಶೀಲಿ. ಇಷ್ಟೊಂದು ಸೂಕ್ಷ್ಮಗಳನ್ನು ಹೇಳಿದವು ಇಂಗ್ಲಿಷ್ ಶಬ್ದವಲ್ಲ. ಅದರ ಬೆನ್ನಿಗೆ ನಿಂತ ಕನ್ನಡದ ಮಾತುಗಳು.

ಈಗ ಆ ‘ಗೆ’ಯ ಮಾತಿಗೆ ಹಿಂದಿರುಗೋಣ. ಬಸ್ಸಿನ ಮಾತಿನಲ್ಲಿ ಒಂದು ಕೊರತೆಯಿದೆಯೆಂದೆ, ಅದಕ್ಕೆ ಕರ್ಮಪದವಿಲ್ಲ. ಅಷ್ಟೇ ಅಲ್ಲ, ‘ಗೆ’ಯೂ ಇಲ್ಲ. ಯಾರಿಗೆ ಯಾರು ಹೊಂದಿಕೊಳ್ಳಬೇಕೆಂಬುದನ್ನು ಅದು ಹೇಳುವುದೇ ಇಲ್ಲ. ಬಸ್ಸಿನಲ್ಲಿ ಈ ಮೌನದಿಂದ ಹಾನಿಯಿಲ್ಲ. ಏಕೆಂದರೆ ಅಲ್ಲಿ ನಾಲ್ವರೂ ಅಲುಗುತ್ತಾರೆ. ಕುಳಿತವರು ಸರಿಯುತ್ತಾರೆ, ಬಂದವರು ತುದಿಯಲ್ಲಿ ಕೂರುತ್ತಾರೆ, ಮಗು ಯಾರ ತೊಡೆಯ ಮೇಲಾದರೂ ಹೋಗುತ್ತದೆ. ಮೇಲಾಗಿ ಇಪ್ಪತ್ತು ಕಿಲೋಮೀಟರಿನಲ್ಲಿ ಎಲ್ಲ ಮುಗಿಯುತ್ತದೆ. ಅದೇ ಮಾತು ಮನೆಯೊಳಕ್ಕೆ ಬಂದಾಗ, ಅದರ ಮೃದುತ್ವವೂ ಜೊತೆಯಲ್ಲಿ ಬರುತ್ತದೆ. ಆದರೆ ‘ಗೆ’ ಗುಟ್ಟಾಗಿ ಒಳಸೇರಿಕೊಳ್ಳುತ್ತದೆ. ಹೆಣ್ಣು ನೋಡಲು ಬಂದವರು “ನಮ್ಮ ಮನೆಗೆ ಅಡ್ಜಸ್ಟ್ ಆಗುವ ಹುಡುಗಿ ಆದರೆ ಸಾಕು, ಇನ್ನೇನೂ ಕೇಳುವುದಿಲ್ಲ” ಎನ್ನುತ್ತಾರೆ. ಬಹು ಔದಾರ್ಯದ ಮಾತಿನಂತೆ ಕೇಳಿಸುತ್ತದೆ. ವ್ಯಾಕರಣದ ಕಣ್ಣಿನಿಂದ ನೋಡಿ: ‘ಗೆ’ ಮನೆಯ ಪಾಲಾಗಿದೆ. ಮನೆ ಅಲುಗುವುದಿಲ್ಲ. ಏಳುವ ಹೊತ್ತು, ಸಾರಿನ ಖಾರ, ತವರಿಗೆ ಹೋಗುವ ದಿನ, ಕೆಲಸಕ್ಕೆ ಹೋಗಬೇಕೆ ಬೇಡವೆ ಎಂಬ ಪ್ರಶ್ನೆ, ಇವೆಲ್ಲ ಗಡಿಯಾರದ ಕಾಲದಂತೆ ಗೊತ್ತಾಗಿರುವ ಸಂಗತಿಗಳು. ಆ ಹುಡುಗಿಯೊಬ್ಬಳು ಮುಳ್ಳು. ಮತ್ತು ‘ಆಗು’ ಎಂಬ ಕ್ರಿಯೆಯಿಂದಾಗಿ ಅವಳು ಪಡುವ ಶ್ರಮವೂ ಶ್ರಮವೆಂದು ಕಾಣುವುದಿಲ್ಲ. ಹವೆ ಒಗ್ಗಿದಂತೆ ಒಗ್ಗಿಬಿಟ್ಟಿತೆಂದು ನೆಂಟರಿಷ್ಟರು ಹೇಳಿಕೊಳ್ಳುತ್ತಾರೆ.

ಸೊಸೆಯೊಬ್ಬಳ ಕಥೆಯಷ್ಟೇ ಅಲ್ಲ ಇದು. ಕುಣಿಗಲಿನಲ್ಲಿ ಆಯುಷ್ಯವನ್ನೆಲ್ಲ ಕಳೆದ ತಂದೆ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿ ಮಗನ ಮೂರನೆಯ ಅಂತಸ್ತಿನ ಮನೆಗೆ ಬಂದಿರುತ್ತಾರೆ. “ಅಪ್ಪ ಇನ್ನೂ ಇಲ್ಲಿಗೆ ಅಡ್ಜಸ್ಟ್ ಆಗಿಲ್ಲ” ಎಂದು ಮಗ ಸ್ನೇಹಿತರಲ್ಲಿ ನೊಂದುಕೊಳ್ಳುತ್ತಾನೆ. ಅವನ ದುಃಖ ನಿಜವಾದದ್ದೇ. ಆದರೆ ಬೆಳಗಿನ ಆರು ಗಂಟೆಗೆ ಜಗಲಿಯ ಮೇಲೆ ಕೂತು ದಾರಿಹೋಕರನ್ನು ಮಾತನಾಡಿಸುವುದು ಅಭ್ಯಾಸವಾದ ಮುದುಕರಿಗೆ, ಬಾಲ್ಕನಿಯಲ್ಲಿನ ಬಟ್ಟೆ ಒಣಹಾಕುವ ಚೌಕಟ್ಟನ್ನು ಪಕ್ಕಕ್ಕಿಟ್ಟು ಒಂದು ಕುರ್ಚಿ ಹಾಕಿಕೊಟ್ಟರಾಗದೆ ಎಂಬ ಪ್ರಶ್ನೆಯನ್ನು ಆ ವಾಕ್ಯ ಏಳಗೊಡುವುದಿಲ್ಲ. ‘ಇಲ್ಲಿಗೆ’ ಎಂಬಲ್ಲಿ ‘ಗೆ’ ಮನೆಯನ್ನು ಗಟ್ಟಿಯಾಗಿ ನೆಟ್ಟುಬಿಟ್ಟಿದೆ. ಅದೇ ಮಗ “ನಾವೂ ಅಪ್ಪನಿಗೆ ಅಡ್ಜಸ್ಟ್ ಆಗಬೇಕು” ಎಂದನೆನ್ನಿ; ಶಬ್ದಗಳು ಅವೇ, ‘ಗೆ’ ಮಾತ್ರ ಜಾಗ ಬದಲಾಯಿಸಿದೆ, ಮನೆಯ ಸಾಮಾನುಗಳೆಲ್ಲ ಕದಲುವ ಹಾಗಾಯಿತು.

ಹಾಗೆಂದು ಹೊಂದಿಕೊಳ್ಳುವುದೇ ತಪ್ಪೆಂದು ಯಾರೂ ತಿಳಿಯಬೇಕಾದ್ದಿಲ್ಲ. ಹೊಂದಿಕೆಯಿಲ್ಲದೆ ಸಂಸಾರ ನಡೆಯದು, ಸಂಗೀತವೂ ನಡೆಯದು. ಹಾಡುಗಾರರು ಕಛೇರಿಗೆ ಮುಂಚೆ ತಂಬೂರಿಯ ತಂತಿಗಳನ್ನು ಬಿಗಿದು ಸಡಿಲಿಸಿ ತಮ್ಮ ಕಂಠಕ್ಕೆ ಶ್ರುತಿ ಸೇರಿಸಿಕೊಳ್ಳುತ್ತಾರೆ. ಒಮ್ಮೆ ಸೇರಿತೆಂದರೆ ಮುಂದೆ ಇಡೀ ಕಛೇರಿ ಕಂಠವೇ ಆ ತಂತಿಗೆ ಕಿವಿಗೊಟ್ಟು ನಡೆಯಬೇಕು. ಮೊದಲು ‘ಗೆ’ ಕಂಠದ್ದು, ಆಮೇಲೆ ತಂಬೂರಿಯದು. ಗುಬ್ಬಿಯ ಹೆಸರನ್ನು ನಾಡಿಗೆಲ್ಲ ಹಬ್ಬಿಸಿದ, 1884ರಲ್ಲಿ ಹುಟ್ಟಿ ಆಮೇಲೆ ವೀರಣ್ಣನವರ ಕೈಯಲ್ಲಿ ಬೆಳಗಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘದಂಥ ಕಂಪನಿಗಳಲ್ಲಿ, ಹಾಡುವವರು, ಹಾರ್ಮೋನಿಯಂ, ತಬಲ ಎಲ್ಲ ಒಂದು ಶ್ರುತಿಗೆ ಬರದಿದ್ದರೆ ಪರದೆ ಏಳುವಂತೆಯೇ ಇರಲಿಲ್ಲ. ಇಂಥ ಪರಸ್ಪರದ ಹೊಂದಿಕೆಗೆ ಕನ್ನಡದಲ್ಲಿ ‘ಒಬ್ಬರಿಗೊಬ್ಬರು’ ಎಂಬ ಮುದ್ದಾದ ಮಾತಿದೆ. ‘ಒಬ್ಬರಿಗೊಬ್ಬರು ಹೊಂದಿಕೊಂಡರು’ ಎಂದಾಗ ‘ಗೆ’ ಇಬ್ಬರಿಗೂ ಸೇರಿದ್ದು.

ಅಡ್ಜಸ್ಟ್ ಎಂಬುದಕ್ಕೆ ಕನ್ನಡದಲ್ಲಿ ಮಾತಿಲ್ಲವೆ ಎಂದು ಕೇಳುವವರಿಗೆ, ಮಾತುಗಳು ಹೆಚ್ಚಾಗಿರುವುದೇ ತೊಡಕೆಂದು ಉತ್ತರ ಹೇಳಬೇಕು. ವಸ್ತುವಿನ ವಿಷಯದಲ್ಲಿ ಸರಿಪಡಿಸು, ಹೊಂದಿಸು. ಎರಡು ಕಡೆಯ ಭಾರದ ವಿಷಯದಲ್ಲಿ ಸರಿದೂಗಿಸು. ತಕ್ಕಡಿ ಕಣ್ಣಿಗೆ ಕಟ್ಟುವಂಥ ಮಾತಿದು, ಎರಡು ತಟ್ಟೆಗಳೂ ಕಾಣುತ್ತವೆ. ಕಡಮೆ ಇರುವುದರಲ್ಲಿ ಕೆಲಸ ಸಾಗಿಸಿದರೆ ನಿಭಾಯಿಸಿದರು. ಆಯಾಸವಾದಾಗ ಸುಧಾರಿಸಿಕೊಂಡರು. ಮನುಷ್ಯರ ವಿಷಯದಲ್ಲಿ ಹಳೆಯ ಮೈಸೂರಿನ ಹೆಂಗಸರು ‘ಅನುಸರಿಸಿಕೊಂಡು ಹೋಗು’ ಎನ್ನುತ್ತಿದ್ದರು. ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ತಾಯಂದಿರು ಹೇಳುತ್ತಿದ್ದ ಮಾತು ಇದು. ಅನುಸರಿಸುವುದೆಂದರೆ ಹಿಂದೆ ನಡೆಯುವುದು. ಮುಂದೆ ನಡೆಯುವವರು ಯಾರೆಂಬುದರಲ್ಲಿ ಮುಚ್ಚುಮರೆ ಇರಲಿಲ್ಲ. ಆ ಮಾತು ಕಠಿಣವಾದದ್ದು, ಆದರೆ ಪ್ರಾಮಾಣಿಕವಾದದ್ದು. ‘ಅಡ್ಜಸ್ಟ್’ ಬಂದು ಅದರ ಸ್ಥಾನವನ್ನು ಹಿಡಿದ ಮೇಲೆ ಕಠಿಣತೆ ಕಡಮೆಯಾದಂತೆ ಕೇಳಿಸುತ್ತದೆ. ನಡೆಯುವುದು ಮಾತ್ರ ಹಿಂದೆಯೇ.

ಮನಶ್ಶಾಸ್ತ್ರಜ್ಞರೂ ಈ ಶಬ್ದವನ್ನು ತಮ್ಮದನ್ನಾಗಿ ಮಾಡಿಕೊಂಡಿದ್ದಾರೆ. ವ್ಯಕ್ತಿ ತನ್ನ ಪರಿಸರದೊಡನೆ ನಡೆಸುವ ವ್ಯವಹಾರವನ್ನು ‘ಅಡ್ಜಸ್ಟ್‌ಮೆಂಟ್’ ಎನ್ನುತ್ತಾರೆ, ಕನ್ನಡದ ಪಠ್ಯಗಳಲ್ಲಿ ಅದು ‘ಹೊಂದಾಣಿಕೆ’. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಪ್ರಸಾರ ನಿಲಯವನ್ನು ಸ್ಥಾಪಿಸಿ, ‘ಆಕಾಶವಾಣಿ’ ಎಂಬ ಹೆಸರು ರೇಡಿಯೋಗೆ ಅಂಟುವಂತೆ ಮಾಡಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದನ್ನು ಈ ಸಂದರ್ಭದಲ್ಲಿ ನೆನೆಯಬಹುದು. ಶಾಸ್ತ್ರದ ಅರ್ಥದಲ್ಲಿ ಹೊಂದಾಣಿಕೆಯೆಂದರೆ ಬರಿಯ ತಲೆಬಾಗುವುದಲ್ಲ. ಪರಿಸರವನ್ನೇ ತನಗೆ ಬೇಕಾದಂತೆ ಕೊಂಚ ಮಾರ್ಪಡಿಸುವುದೂ ಅದರೊಳಗೆ ಸೇರಿದೆ. ಈ ಅರ್ಧಭಾಗ ನಮ್ಮ ಆಡುಮಾತಿನೊಳಕ್ಕೆ ಇಳಿದು ಬರಲಿಲ್ಲ.

ಅಂಗಡಿ ಮಂಡಿಗಳಲ್ಲಿ ಈ ಪದದ ಬಾಳು ಇನ್ನೊಂದು ಬಗೆ. ಗುಬ್ಬಿಯ ಕಡೆ ತೆಂಗು ಅಡಕೆಗಳ ವ್ಯವಹಾರ ಹೆಚ್ಚಷ್ಟೆ. ಬೆಳೆ ಬರುವ ಮುಂಚೆ ರೈತ ಮಂಡಿಯವರಿಂದ ಹಣ ಪಡೆದಿರುತ್ತಾನೆ. ಮಾಲು ಬಂದಾಗ “ಅಡ್ವಾನ್ಸ್ ಅಡ್ಜಸ್ಟ್ ಮಾಡಿಕೊಂಡು ಬಾಕಿ ಕೊಡಿ” ಎನ್ನುತ್ತಾನೆ. ಇದು ಇಂಗ್ಲಿಷಿನ ಲೆಕ್ಕಶಾಸ್ತ್ರದ ಶುದ್ಧವಾದ ಬಳಕೆಯೇ. ಹಿಂದೆ ಇಲ್ಲಿ ‘ವಜಾ ಮಾಡಿ’ ಎನ್ನುತ್ತಿದ್ದರು, ಅಥವಾ ಅಚ್ಚಕನ್ನಡದಲ್ಲಿ ‘ಮುರಿದುಕೊಳ್ಳಿ’. ನನಗಂತೂ ‘ಮುರಿದುಕೊಳ್ಳಿ’ ಎಂಬುದೇ ಹಿತ; ಬೆಲ್ಲದ ಅಚ್ಚಿನಿಂದ ಒಂದು ತುಂಡನ್ನು ಮುರಿದು ಕೈಯಲ್ಲಿಟ್ಟಷ್ಟು ಲೆಕ್ಕ ಸ್ಪಷ್ಟವಾಗಿರುತ್ತದೆ. ಸ್ನೇಹಿತರ ನಡುವೆ “ಐನೂರು ರೂಪಾಯಿ ಅಡ್ಜಸ್ಟ್ ಮಾಡು” ಎಂಬ ಬಳಕೆಯೂ ಇದೆ. ಇದು ಕೈಗಡದ ಹೊಸ ಹೆಸರು. ಕೈಗಡವೆಂದರೆ ಹಿಂತಿರುಗಿಸಬೇಕೆಂಬ ಅರ್ಥ ಅದರಲ್ಲಿಯೇ ಇತ್ತು. ಅಡ್ಜಸ್ಟ್ ಮಾಡಿದ ಹಣ ಹಿಂದಕ್ಕೆ ಬರುತ್ತದೆಯೋ ಇಲ್ಲವೋ ಶಬ್ದ ನೋಡಿ ಹೇಳುವಂತಿಲ್ಲ.

ರಾಜಕೀಯದಲ್ಲಂತೂ ಪದದ ಮರ್ಯಾದೆ ಪೂರ್ತಿ ಹೋಗಿದೆ. ಎದುರಾಳಿ ಪಕ್ಷದವರೊಡನೆ ಒಳಗೊಳಗೇ ಒಪ್ಪಂದ ಮಾಡಿಕೊಂಡು ಹೊರಗೆ ಜಗಳವಾಡುವುದಕ್ಕೆ ಕನ್ನಡ ಪತ್ರಿಕೆಗಳು ಇಟ್ಟಿರುವ ಹೆಸರು ‘ಅಡ್ಜಸ್ಟ್‌ಮೆಂಟ್ ರಾಜಕೀಯ’. ಇಂಗ್ಲೆಂಡಿನ ಓದುಗನಿಗೆ ಈ ಎರಡು ಪದಗಳ ಜೋಡಿ ಏನನ್ನೂ ತಿಳಿಸದು. ಇಲ್ಲಿ ಚುನಾವಣೆಯ ಕಾಲದಲ್ಲಿ ಹೋಟೆಲಿನ ಕಾಫಿಯ ಮುಂದೆ ಕೂತ ಎಲ್ಲರಿಗೂ ತಿಳಿಯುತ್ತದೆ. ಬಸ್ಸಿನ ವಿನಯ ಎಲ್ಲಿ, ಈ ಆಪಾದನೆ ಎಲ್ಲಿ! ಆದರೂ ಎರಡಕ್ಕೂ ಮೂಲ ಒಂದೇ: ಯಾರು ಏನನ್ನು ಬಿಟ್ಟುಕೊಟ್ಟರೆಂಬುದನ್ನು ಹೇಳದೆ ಬಿಡುವ ಶಬ್ದದ ಗುಣ. ಸೀಟಿನ ಮೇಲೆ ಆ ಗುಣ ದಾಕ್ಷಿಣ್ಯವಾಯಿತು, ಮತಗಟ್ಟೆಯಲ್ಲಿ ಕಪಟವಾಯಿತು.

ಪರೀಕ್ಷೆಗೆ ಓದುವ ಹುಡುಗರಿಗಾಗಿ ಇನ್ನೆರಡು ಮಾತು ಸೇರಿಸುವುದು ಉಚಿತ. ‘ಅಡ್ಜಸ್ಟ್’, ‘ಅಡಾಪ್ಟ್’ ಇವೆರಡನ್ನು ಒಂದೇ ಎಂದು ಬರೆಯಬಾರದು. ಮೊದಲನೆಯದರಲ್ಲಿ ಬದಲಾವಣೆ ಸ್ವಲ್ಪ, ಎರಡನೆಯದರಲ್ಲಿ ರೂಪವೇ ಮಾರ್ಪಡುತ್ತದೆ. ಕಾದಂಬರಿಯನ್ನು ನಾಟಕವಾಗಿಸಿದರೆ ಅಡಾಪ್ಟ್. ನಾಟಕದ ದೀಪವನ್ನು ಅರ್ಧ ಅಡಿ ಸರಿಸಿದರೆ ಅಡ್ಜಸ್ಟ್. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವನಗಳನ್ನು ಕನ್ನಡಕ್ಕೆ ತಂದು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂದು ಪ್ರಕಟಿಸಿದರಷ್ಟೆ; ಅಲ್ಲಿ ಅವರು ಕನ್ನಡದ ಮಾತ್ರೆ ಗಣಗಳನ್ನು ಹೊಸ ಧಾಟಿಗಳಲ್ಲಿ ಕೂಡಿಸಿದ್ದು ಅಡಾಪ್ಟ್ ಎಂಬುದಕ್ಕೆ ಒಪ್ಪುವ ಉದಾಹರಣೆ. ಇನ್ನು ಬಸ್ಸಿನಲ್ಲಿ ಜಾಗ ಕೊಡುವ ಕ್ರಿಯೆಗೆ ಇಂಗ್ಲಿಷಿನಲ್ಲಿ ಸಲ್ಲುವ 'ಗೌರವದ ಪದ ‘ಅಕಾಮಡೇಟ್’. ಆ ಉದ್ದ ಪದವನ್ನು ಬಸ್ಸು ಹೊರಡುವುದರೊಳಗೆ ಹೇಳಿ ಮುಗಿಸುವುದು ಕಷ್ಟವೆಂದೇ ನಮ್ಮ ಜನ ಅದನ್ನು ಬಿಟ್ಟಿರಬೇಕು.

ಉಚ್ಚಾರಣೆಯ ವಿಷಯ. ಇಂಗ್ಲಿಷಿನವರು ಬರವಣಿಗೆಯಲ್ಲಿ ‘ಡಿ’ ಅಕ್ಷರವನ್ನು ಇಟ್ಟುಕೊಂಡರೂ ನುಡಿಯುವಾಗ ಅದನ್ನು ಬೇರೆಯಾಗಿ ನುಡಿಯುವುದಿಲ್ಲ. ‘ಅಜಸ್ಟ್’ ಎಂದು ಹೇಳಿ ‘ಜ’ದ ಮೇಲೆ ಒತ್ತು ಹಾಕುತ್ತಾರೆ. ಕನ್ನಡಿಗರು ಬರೆದದ್ದನ್ನೆಲ್ಲ ಓದುವ ಜನ; ‘ಡ’ಕಾರವನ್ನು ಸ್ಪಷ್ಟವಾಗಿ ನುಡಿದು ‘ಅಡ್ಜಸ್ಟ್’ ಎನ್ನುತ್ತಾರೆ, ಕೆಲವರು ‘ಅಡ್ಜೆಸ್ಟ್’ ಎನ್ನುತ್ತಾರೆ. ಇಂಗ್ಲಿಷ್ ಮಾತನಾಡುವಾಗ ಮೊದಲಿನದನ್ನೂ ಕನ್ನಡ ಮಾತನಾಡುವಾಗ ಎರಡನೆಯದನ್ನೂ ಬಳಸಿದರೆ ತಕರಾರಿಲ್ಲ. ಕನ್ನಡದ ಶಬ್ದಗಳು ಸ್ವರದಲ್ಲಿ ಮುಗಿಯಬೇಕೆಂಬ ನಿಯಮದಂತೆ ಕೊನೆಗೊಂದು ಉಕಾರವನ್ನು ಸೇರಿಸಿ ‘ಅಡ್ಜಸ್ಟು’ ಎಂದವರೂ, ಅದರ ಮೇಲೆ ವಿಭಕ್ತಿಯನ್ನು ಹತ್ತಿಸಿ “ಈ ಅಡ್ಜಸ್ಟ್‌ಮೆಂಟಿಗೆಲ್ಲ ನಾನು ಒಪ್ಪೋಳಲ್ಲ” ಎಂದ ಗುಬ್ಬಿಯ ಸಂತೆಯ ತರಕಾರಿ ವ್ಯಾಪಾರದಾಕೆಯೂ ವ್ಯಾಕರಣದ ದೃಷ್ಟಿಯಿಂದ ನಿರ್ದೋಷಿಗಳು.